ಯಾವ ವರ್ಷದ ಕೋಲು

ಸುಟ್ಟುಹೋದದ್ದು ಎರಡಡಿಯ ಒಂದು ಕಟ್ಟಿಗೆ. ಅದಕ್ಕೆ ಸರಿಯಾದ ಬದಲು ಯಾವುದು ಎಂದು ತೀರ್ಮಾನವಾಗಲು ಒಂದು ಚಳಿಗಾಲವೇ ಹಿಡಿಯಿತು. ತೀರ್ಮಾನವಾದ ಮೇಲೆ ಬದಲು ತೀರಿಸುತ್ತ ಕುಳಿತವನು ಸುಟ್ಟವನಲ್ಲ, ಕಳೆದುಕೊಂಡವನು. ನ್ಯಾಯ ಕೇಳಲು ಹೊರಟವರು ಹೊಸ್ತಿಲು ದಾಟುವ ಮುಂಚೆ ಒಂದು ಗಳಿಗೆ ಕುಳಿತು ಈ ಸಂಗತಿ ಕೇಳಿದರೆ ಅವರಿಗೆ ನಷ್ಟವೇನಿಲ್ಲ.

ರಾವೂರಿನ ಆಚೆ, ವಾಡಿಯಲ್ಲಿ ರೈಲು ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಏಳು ಜನ ಕೂಡಿ ದುಡಿಯುವ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯೊಂದಿತ್ತು. ನೆಲವನ್ನು ಮೊಳಕಾಲುದ್ದ ಕೆದರಿದರೆ ಸಾಕು, ರೊಟ್ಟಿ ಪೇರಿಸಿಟ್ಟಂತೆ ಕಲ್ಲಿನ ಪದರು. ಹಾರೆ ಹಾಕಿ ಪದರು ಎಬ್ಬಿಸಬೇಕು, ಅಳತೆಯ ಕೋಲಿಟ್ಟು ಗೀರಬೇಕು, ಗೀರಿನ ಮೇಲೆ ಉಳಿ ನಡೆಸಿ ಚೌಕ ಮಾಡಬೇಕು. ಈ ಮೂರು ಕೆಲಸದಲ್ಲಿ ಮೊದಲನೆಯದಕ್ಕೆ ತೋಳು ಬೇಕು, ಮೂರನೆಯದಕ್ಕೆ ತಾಳ್ಮೆ ಬೇಕು. ನಡುವಿನದಕ್ಕೆ ಸಂಗಣ್ಣನ ಕೋಲು ಬೇಕು ಎಂದು ಆ ಖಣಿಯಲ್ಲಿ ಮಾತಿತ್ತು.

ಸಂಗಣ್ಣನಿಗೆ ಆಗ ನಲವತ್ತೆರಡು. ಹಣೆಗೆ ವಿಭೂತಿ ಇಡದೆ ಉಳಿ ಮುಟ್ಟಿದವನಲ್ಲ, ಸುಳ್ಳಾಡಿ ಉಂಡವನಲ್ಲ. ಈ ಎರಡನ್ನೂ ಊರು ಮರೆಯದಂತೆ ಅವನೇ ನೋಡಿಕೊಳ್ಳುತ್ತಿದ್ದ. ಅವನ ಕೋಲು ಸಾಗವಾನಿಯದು, ಅಪ್ಪ ಶಿವರಾಯ ಮಾಡಿಸಿದ್ದು. ಹದಿನೇಳು ವರ್ಷದ ಹಿಂದೆ ಸಂಗಣ್ಣ ವಿಷಮಜ್ವರದಲ್ಲಿ ಮಲಗಿ, ಇನ್ನು ಇಲ್ಲ ಎಂದು ಎಲ್ಲರೂ ಕೈಬಿಟ್ಟಾಗ, ಶಿವರಾಯ ಬಸವಣ್ಣ ದೇವರ ಗುಡಿಯಲ್ಲಿ ಹರಕೆ ಹೊತ್ತಿದ್ದ. ಮಗ ಉಳಿದರೆ ಗುಡಿಯ ಅಂಗಳಕ್ಕೆ ಪೂರಾ ಫರಸಿ ಹಾಸುತ್ತೇನೆ, ಮಹಾನವಮಿಗೊಂದು ಸಾಲಿನಂತೆ. ಮಗ ಉಳಿದ. ಶಿವರಾಯ ಹೊಸ ಕೋಲು ಮಾಡಿಸಿ, ಗರ್ಭಗುಡಿಯ ಮೆಟ್ಟಿಲ ಬುಡದಲ್ಲಿ ಗೋಡೆಯಿಂದ ಗೋಡೆಗೆ ಹತ್ತು ಕಲ್ಲಿನ ಮೊದಲ ಸಾಲು ಹಾಸಿದ. ಒಂಬತ್ತು ಸಾಲು ಮುಗಿಸಿ ಅವನು ಶಿವನ ಪಾದ ಸೇರಿದ. ಎಂಟು ಸಾಲು ಸಂಗಣ್ಣ ಹಾಸಿದ. ಇನ್ನು ತಲೆಬಾಗಿಲ ಹತ್ತಿರ ಒಂದೇ ಒಂದು ಸಾಲು ಉಳಿದಿತ್ತು. ಅಪ್ಪನ ಹರಕೆ, ಅಪ್ಪನ ಕೋಲು, ಕೊನೆಯ ಸಾಲು. ಸಂಗಣ್ಣ ಆ ಮಹಾನವಮಿಯ ದಾರಿ ಕಾಯುತ್ತಿದ್ದ.

ಮಹಾನವಮಿಗೆ ಆಯುಧ ತೊಳೆದು ಎಣ್ಣೆ ಹಚ್ಚಿ ಪೂಜೆಗಿಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಶಿವರಾಯನ ಮನೆಯಲ್ಲಿ ಇನ್ನೊಂದು ನೇಮವೂ ಇತ್ತು. ವರ್ಷವಿಡೀ ಕಲ್ಲಿಗೆ ಉಜ್ಜಿ ಕೋಲಿನ ಎರಡೂ ತುದಿ ಸಿಬಿರೆದ್ದಿರುತ್ತಿದ್ದವು. ಹರಿದ ಪತ್ರಿ ದೇವರಿಗೆ ಏರಿಸುವುದಿಲ್ಲ, ಸಿಬಿರೆದ್ದ ಕೋಲು ದೇವರ ಮುಂದೆ ಇಡಬಾರದು ಎಂದು ಅವನು ಗಾಜಿನ ಚೂರಿನಿಂದ ತುದಿಗಳನ್ನು ಹೆರೆದು ನುಣ್ಣಗೆ ಮಾಡುತ್ತಿದ್ದ. ಅಪ್ಪನ ನಂತರ ಮಗನೂ ಅದನ್ನು ಒಂದು ವರ್ಷವೂ ತಪ್ಪಿಸಲಿಲ್ಲ.

ಖಣಿಯ ಉಳಿದ ಆರು ಜನ, ಒಬ್ಬೊಬ್ಬರು ಒಂದೊಂದು ವರ್ಷ, ತಮ್ಮ ಕೋಲುಗಳನ್ನು ಅದಕ್ಕೇ ಹಿಡಿದು ಕತ್ತರಿಸಿಕೊಂಡಿದ್ದರು. ಕಲ್ಲು ಒಯ್ಯಲು ಬಂದವರೂ ಸಂಗಣ್ಣನ ಕಲ್ಲು ಎಂದರೆ ಎಣಿಸಿ ಗಾಡಿಗೆ ಹೇರುತ್ತಿದ್ದರೇ ಹೊರತು ಅಳೆಯುತ್ತಿರಲಿಲ್ಲ.

ಇಷ್ಟು ನೆಟ್ಟಗಿನ ಮನುಷ್ಯನ ಕಣ್ಣಿಗೆ ಜಗತ್ತಿನಲ್ಲಿ ಒಂದೇ ಒಂದು ಸೊಟ್ಟ ಕಾಣುತ್ತಿತ್ತು. ಅದು ಗುಡಿಯ ಅಂಗಳದ ಗೋಡೆ. ಮೊದಲ ಸಾಲಿನ ಹತ್ತು ಕಲ್ಲು ಗೋಡೆಯಿಂದ ಗೋಡೆಗೆ ಕಚ್ಚಿ ಕುಳಿತಿದ್ದವು. ಆದರೆ ಬಾಗಿಲ ಕಡೆಗೆ ಬಂದಂತೆ ಕಲ್ಲಿಗೂ ಬಲಗೋಡೆಗೂ ನಡುವೆ ಸಂದು ಬೀಳುತ್ತ ಬಂದು, ಹದಿನೇಳನೆಯ ಸಾಲಿನಲ್ಲಿ ಚೋಟು ಅಗಲವಾಗಿತ್ತು. ಶಿವರಾಯ ಇದ್ದಾಗ ಸುಮ್ಮನೆ ಗಚ್ಚು ತುಂಬುತ್ತಿದ್ದ. ಸಂಗಣ್ಣ ಗಚ್ಚನ್ನೂ ತುಂಬಿದ, ಹೆಸರನ್ನೂ ಇಟ್ಟ. ಮಾಣಿಕಪ್ಪನ ಸೊಟ್ಟಗೋಡೆ ಎಂದ.

ಮಾಣಿಕಪ್ಪ ಆ ಗೋಡೆ ಕಟ್ಟಿದ ಗೌಂಡಿ. ಅರವತ್ತೈದು ದಾಟಿದ್ದ, ಕೆಲಸ ಬಿಟ್ಟು ಗುಡಿ ಮುಂದಿನ ಬೇವಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಒಮ್ಮೆ ಅವನು, ದೋರಿ ಹಿಡಿದು ನೋಡೋ ತಮ್ಮಾ ಎಂದಿದ್ದನಂತೆ. ದೋರಿ ಎಂದರೆ ಗೌಂಡಿಗಳು ಗೋಡೆಯ ನೇರ ಹಿಡಿಯುವ ದಾರ. ನನ್ನ ಕೋಲು ಹೇಳಿದ ಮೇಲೆ ದಾರದ ಮಾತು ಯಾಕೆ ಎಂದು ಸಂಗಣ್ಣ ನಕ್ಕಿದ್ದ. ಆಮೇಲೆ ಮಾಣಿಕಪ್ಪ ಆ ಮಾತು ಎತ್ತಲಿಲ್ಲ. ಆದರೆ ಅವನನ್ನು ಮನೆ ಕಟ್ಟಲು ಕರೆಯುವವರು ಕಡಿಮೆಯಾದರು, ಗುಡಿಗೇ ಸೊಟ್ಟಗೋಡೆ ಗುಡಿ ಎಂದು ಹೆಸರು ಬಿತ್ತು. ನಾಲವಾರದಿಂದ ರೈಲಿನಲ್ಲಿ ಬಂದಿಳಿದವರು ಕೂಡ ಹಾಗೆಂದೇ ದಾರಿ ಕೇಳುತ್ತಿದ್ದರು.

ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಹತ್ತನೆಯ ವರ್ಷ. ಎಳ್ಳಮಾಸಿಯ ಅಮಾವಾಸ್ಯೆ ಮುಗಿದ ಮೂರನೆಯ ದಿನ, ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಉಳಿಗಳನ್ನು ಕಾಯಿಸಿ ಮೊನೆ ಮಾಡುವ ಕುಲುಮೆ ಹೊತ್ತಿಸುವ ಪಾಳಿ ಅಂದು ಗೊಲ್ಲಾಳಪ್ಪನದು. ಅವನು ಖಣಿಯವರಲ್ಲೆಲ್ಲ ಕಿರಿಯ, ದಂಡೋತಿ ಕಡೆಯಿಂದ ಬಂದು ಹಳ್ಳದಾಚೆಯ ಓಣಿಯಲ್ಲಿ ಮನೆ ಮಾಡಿದವನು. ಒಳ್ಳೆಯ ಕೆಲಸಗಾರ, ಮೆತ್ತನೆಯ ಮನುಷ್ಯ. ಸಂಗಣ್ಣ ಎಂದಿನಂತೆ ಕೈಕಾಲು ತೊಳೆದು ಜಪ ಮಾಡಲು ಹೋಗುವಾಗ ಕೋಲನ್ನು ತೊಗರಿಕಟ್ಟಿಗೆಯ ಹೊರೆಗೆ ಆನಿಸಿ ನಿಲ್ಲಿಸಿದ್ದ. ಗೊಲ್ಲಾಳಪ್ಪ ಮಂಜಿನಲ್ಲಿ ಎರಡೂ ಕೈಯಿಂದ ಬಾಚಿ ಒಂದು ತೆಕ್ಕೆ ಕಟ್ಟಿಗೆ ಕುಲುಮೆಗೆ ತುಂಬಿದ.

ಹದಿನೇಳು ವರ್ಷ ಎಣ್ಣೆ ಕುಡಿದ ಸಾಗವಾನಿ. ದೀಪದ ಹಾಗೆ ಉರಿಯಿತು. ಅಂದು ಉಳಿಗಳಿಗೆ ಕೂತ ಮೊನೆ ಹಿಂದೆಂದೂ ಕೂತಿರಲಿಲ್ಲ ಎಂದು ಮುಂದೆ ಬಹಳ ದಿನ ಎಲ್ಲರೂ, ಸಂಗಣ್ಣ ಇಲ್ಲದಾಗ, ಒಪ್ಪಿಕೊಳ್ಳುತ್ತಿದ್ದರು.

ಜಪ ಮುಗಿಸಿ ಬರುವಷ್ಟರಲ್ಲಿ ಗೇಣುದ್ದದ ಒಂದು ಕೊಳ್ಳಿ ಉಳಿದಿತ್ತು. ಸಂಗಣ್ಣ ಬಯ್ಯಲಿಲ್ಲ. ಕುಡಿಯಲು ತಂದ ನೀರು ಸುರಿದು ಕೊಳ್ಳಿ ಆರಿಸಿದ, ಟವೆಲ್ಲಿನಲ್ಲಿ ಕಟ್ಟಿಕೊಂಡ, ಕಲ್ಲಿನ ಮೇಲೆ ಕುಳಿತ. ಬೈದಿದ್ದರೆ ಗೊಲ್ಲಾಳಪ್ಪನಿಗೆ ಹಗುರವಾಗುತ್ತಿತ್ತು.

"ಅಣ್ಣಾ, ನನ್ನ ಕೈ ತಪ್ಪ್ಯದರಿ," ಎಂದ ಅವನು. "ನೀವು ಏನ್ ಹೇಳ್ತೀರಿ ಅದು."

ಹೇಳುವುದು ಸಂಗಣ್ಣನ ಕೆಲಸವಾಗಿರಲಿಲ್ಲ. ಖಣಿಯಲ್ಲಿ ಇಂಥದ್ದಕ್ಕೆ ಒಂದು ಕಟ್ಟಳೆ ಇತ್ತು, ಕಟ್ಟಳೆ ಹೇಳಲು ಅಬ್ದುಲ್ ಮಜೀದ ಇದ್ದ. ಅವನು ಎಲ್ಲರಿಗೂ ಹಿರಿಯ, ಬಿಳಿ ಗಡ್ಡ, ಎಡಗೈಯ ಒಂದು ಬೆರಳನ್ನು ಕಲ್ಲಿಗೆ ಕೊಟ್ಟವನು. ಒಬ್ಬನ ಹತ್ಯಾರ ಇನ್ನೊಬ್ಬನ ಕೈಯಲ್ಲಿ ಬೇಕಂತಲ್ಲದೆ ಮುರಿದರೆ ರೊಕ್ಕದ ಮಾತು ಎತ್ತಬಾರದು. ಮುರಿದವನು ಅಂಥದ್ದನ್ನೇ ತಂದು ಕೊಡಬೇಕು. ಕಳೆದುಕೊಂಡವನು ಅದನ್ನು ಹಿಡಿದು ನೋಡಿ "ಕೈಗೆ ಬಂತು" ಎನ್ನಬೇಕು. ಆ ಮಾತು ಬರುವತನಕ ಮುರಿದವನು ದಿನಾ ಅವನ ಮನೆಗೆ ಹೋಗಿ ಹತ್ಯಾರದ ಚೀಲ ಹೊತ್ತು ತರಬೇಕು, ಸಂಜೆ ಹೊತ್ತು ಮುಟ್ಟಿಸಬೇಕು, ಅವನು ಬುತ್ತಿ ಬಿಚ್ಚುವ ಮುಂಚೆ ತಾನು ಬಿಚ್ಚಬಾರದು.

"ಉಳಿಗೆ ಉಳಿ, ಕಾವಿಗೆ ಕಾವು," ಎಂದ ಮಜೀದ. "ಹೆಚ್ಚಿಗಿ ಕೇಳಬ್ಯಾಡ, ಕಮ್ಮಿ ಕೊಡಬ್ಯಾಡ."

"ನನಗ ಹೆಚ್ಚಿಗಿ ಬ್ಯಾಡ ಚಾಚಾ," ಎಂದ ಸಂಗಣ್ಣ. "ಹ್ಯಾಂಗಿತ್ತೊ ಹಾಂಗೇ ಇರಬೇಕು. ಕೂದಲೆಳಿ ಫರಕ ಬಂದ್ರೂ ಕೈಗೆ ಬಂತು ಅನ್ನಂಗಿಲ್ಲ. ಅದರಲೇ ನಮ್ಮಪ್ಪನ ಕಡಿ ಸಾಲು ಹಾಸಬೇಕು."

ನ್ಯಾಯವಾದ ಮಾತು. ಯಾರೂ ಎದುರಾಡಲಿಲ್ಲ.

ಗೊಲ್ಲಾಳಪ್ಪ ಒಂದು ದಿನದ ಕೆಲಸ ಬಿಟ್ಟು ಶಹಾಬಾದಕ್ಕೆ ಹೋದ. ಅಲ್ಲಿನ ಬಡಗಿಯಿಂದ ಸಾಗವಾನಿಯದೇ ಕೋಲು ಕೊಯ್ಯಿಸಿ, ಹೆರೆಸಿ, ಎಣ್ಣೆ ಹಚ್ಚಿಸಿ, ಹೊಸ ಬಟ್ಟೆಯಲ್ಲಿ ಸುತ್ತಿ, ಎಳೆಗೂಸು ತಂದ ಹಾಗೆ ತಂದ. ಸಂಗಣ್ಣ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಹಿಂದಿನ ವಾರ ತಾನೇ ಚೌಕ ಮಾಡಿಟ್ಟ ಕಲ್ಲಿನ ಮೇಲೆ ಇಟ್ಟ. ಒಂದು ತುದಿ ಅಂಚಿಗೆ ಸರಿಯಾಗಿ ಕೂತಿತು. ಇನ್ನೊಂದು ತುದಿ ಒಂದು ಬೆರಳು ಹೊರಗೆ ಚಾಚಿತು. ಎರಡನೆಯ ಕಲ್ಲಿನ ಮೇಲೂ ಅಷ್ಟೇ, ಹತ್ತನೆಯದರ ಮೇಲೂ ಅಷ್ಟೇ.

ಇದು ಕೋಲಲ್ಲ, ಕಟ್ಟಿಗೆ ಎಂದು ಸಂಗಣ್ಣ ತಿರುಗಿ ಕೊಟ್ಟ. ಬಡಗಿಯ ಹತ್ತಿರ ಸರಕಾರದ ಮೊಹರು ಬಿದ್ದ ಕಬ್ಬಿಣದ ಪಟ್ಟಿ ಇತ್ತು, ತನ್ನ ಕಣ್ಣಾರೆ ಅದಕ್ಕೇ ಹಿಡಿದು ಕೊಯ್ದ ಎಂದು ಗೊಲ್ಲಾಳಪ್ಪ ಹೆದರುತ್ತ ಹೇಳಿದ. ಸರಕಾರ ನಿನ್ನೆ ಮೊನ್ನೆ ಬಂದದ್ದು ಎಂದ ಸಂಗಣ್ಣ.

ಎರಡನೆಯ ಕೋಲು ವಾಡಿಯಿಂದ ಬಂತು. ಆ ಬಡಗಿ ರೈಲಿನವರ ಕೆಲಸ ಮಾಡುವವನು, ಹಿತ್ತಾಳೆಯ ಅಳತೆಪಟ್ಟಿ ಇಟ್ಟುಕೊಂಡವನು. ಅದೂ ಒಂದು ಬೆರಳು ಹೊರಗೆ ಚಾಚಿತು. ಎರಡೂ ಹೊಸ ಕೋಲುಗಳನ್ನು ಜೋಡಿಸಿ ಹಿಡಿದರೆ ನಡುವೆ ಉಗುರು ಹೋಗದಷ್ಟು ಒಂದೇ ಸಮ.

ಸಂಗಣ್ಣ ಆಗ ಸಾಕ್ಷಿ ಕರೆದ. ಆರು ಜನರ ಆರು ಕೋಲು ತರಿಸಿ ಕಲ್ಲಿನ ಮೇಲೆ ಸಾಲಾಗಿ ಇಡಿಸಿದ. ಆರೂ ಹೊಸ ಕೋಲಿಗಿಂತ ಗಿಡ್ಡ. ಗೆದ್ದವನ ಹಾಗೆ ಸುತ್ತ ನೋಡಿದ. ಹಾಗಿದ್ದರೆ ಇವುಗಳಲ್ಲೇ ಒಂದಕ್ಕೆ ಹಿಡಿದು ಕೊಯ್ದು ಕೊಡುತ್ತೇನೆ ಎಂದ ಗೊಲ್ಲಾಳಪ್ಪ. ಆದರೆ ಆ ಆರರಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಮಜೀದನದು ಎಲ್ಲಕ್ಕಿಂತ ಉದ್ದ, ಗೊಲ್ಲಾಳಪ್ಪನದು ಎಲ್ಲಕ್ಕಿಂತ ಗಿಡ್ಡ, ಉಳಿದವು ನಡುವೆ ಮೆಟ್ಟಿಲ ಹಾಗೆ. ನೋಡಿ ಕೊಯ್ದುಕೊಳ್ಳಲಿಕ್ಕೂ ಬರದ ಜನ ಎಂದು ಸಂಗಣ್ಣ ಬೇಸರಪಟ್ಟ. ಮಜೀದ ಮಾತ್ರ ಆ ಮೆಟ್ಟಿಲುಗಳನ್ನು ಬಹಳ ಹೊತ್ತು ನೋಡುತ್ತ ಗಡ್ಡ ಸವರಿಕೊಂಡ.

ದಿನಗಳು ಹೋದವು. ಗೊಲ್ಲಾಳಪ್ಪ ಕೋಳಿ ಕೂಗುವ ಹೊತ್ತಿಗೆ ಹಳ್ಳ ದಾಟಿ ಬಂದು, ಸಂಗಣ್ಣನ ಬಾಗಿಲಲ್ಲಿ ನಿಂತು, ಚೀಲ ಹೆಗಲಿಗೇರಿಸುತ್ತಿದ್ದ. ಐದು ಉಳಿ, ಎರಡು ಸುತ್ತಿಗೆ. ತನ್ನದೊಂದು ಚೀಲ ಬೇರೆ. ಸಂಗಣ್ಣ ಮುಂದೆ ಕೈಬೀಸಿಕೊಂಡು ನಡೆಯುತ್ತಿದ್ದ, ಹಿಂದೆ ಕಬ್ಬಿಣದ ಸದ್ದು ಬರುತ್ತಿತ್ತು. ಸಂಗಣ್ಣನಿಗೆ ಅದು ಹಿತವಾಗಿರಲಿಲ್ಲ, ಆದರೆ ನ್ಯಾಯವಾಗಿತ್ತು. ಅವನ ಮನಸ್ಸಿನಲ್ಲಿ ಇವೆರಡು ಬೇರೆ ಬೇರೆ ಕೋಣೆಯಲ್ಲಿ ವಾಸವಾಗಿದ್ದವು.

ಒಂದು ಮುಂಜಾನೆ ಅವನ ಹೆಂಡತಿ ಮಹಾದೇವಮ್ಮ ಗೊಲ್ಲಾಳಪ್ಪನಿಗೆ ಬಿಸಿ ರೊಟ್ಟಿ ಕೊಟ್ಟು ಕಳಿಸಿ, ಒಲೆಯ ಮುಂದಿನಿಂದ ಏಳದೆಯೇ ಗಂಡನಿಗೆ ಹೇಳಿದಳು:

"ಶಹಾಬಾದದ ಬಡಗಿ, ವಾಡಿ ಬಡಗಿ, ಒಬ್ಬರ ಮಾರಿ ಒಬ್ಬರು ನೋಡಿಲ್ಲ. ಸುಳ್ಳಾಡೋರು ಇಬ್ಬರೂ ಕೂಡಿ ಒಂದೇ ಸುಳ್ಳು ಹ್ಯಾಂಗ ಹೇಳ್ತಾರರಿ?"

ರೊಟ್ಟಿ ಸೀಯುತ್ತದೆ ನೋಡು ಎಂದ ಸಂಗಣ್ಣ. ರೊಟ್ಟಿ ಸೀಯುತ್ತಿರಲಿಲ್ಲ, ಚೆನ್ನಾಗಿ ಉಬ್ಬಿತ್ತು.

ಶಿವರಾತ್ರಿ ಹತ್ತಿರ ಬಂದರೂ ಕೈಗೆ ಬಂತು ಎಂಬ ಮಾತು ಬರಲಿಲ್ಲ. ಗೊಲ್ಲಾಳಪ್ಪ ಸೊರಗಿದ. ಕೊನೆಗೆ ಮಜೀದನೇ ದಾರಿ ಹೇಳಿದ. ಕೋಲು ಸುಟ್ಟರೂ ಅದು ಮುಟ್ಟಿದ ಕಲ್ಲು ಸುಡಲಿಲ್ಲ. ಗುಡಿಯಲ್ಲಿ ಹದಿನೇಳು ವರ್ಷದ ಕಲ್ಲು ಸಾಲು ಹಿಡಿದು ಕುಳಿತಿವೆ. ಸೋಮವಾರ ಅಲ್ಲಿಗೆ ಹೋಗಿ, ದೇವರ ಕಣ್ಣಮುಂದೆ ಹೊಸ ಕೋಲು ಇಟ್ಟು ನೋಡೋಣ. ಸಂಗಣ್ಣನಿಗೆ ಇದು ಬಹಳ ಹಿಡಿಸಿತು. ಅಪ್ಪನ ಕಲ್ಲೇ ಅಪ್ಪನ ಕೋಲಿಗೆ ಸಾಕ್ಷಿ ನುಡಿಯಲಿ ಎಂದ.

ಸೋಮವಾರ ಖಣಿಯವರೆಲ್ಲ ಗುಡಿಗೆ ಬಂದರು. ಮಜೀದ ತಲೆಬಾಗಿಲ ಹೊಸ್ತಿಲ ಮೇಲೆ, ಕಾಲು ಹೊರಗಿಟ್ಟು ಕುಳಿತ. ಕಟ್ಟೆಯ ಮೇಲಿನ ಮಾಣಿಕಪ್ಪ, ಇವರು ಯಾಕೆ ಬಂದರೆಂದು ಕೇಳದೆ, ಎದ್ದು ಬಂದು ಅವನ ಹಿಂದೆ ನಿಂತ.

ಸಂಗಣ್ಣ ಶಹಾಬಾದದ ಕೋಲನ್ನು ಬಾಗಿಲ ಹತ್ತಿರದ ಹದಿನೇಳನೆಯ ಸಾಲಿನ ಕಲ್ಲಿನ ಮೇಲಿಟ್ಟ. ಒಂದು ಬೆರಳು ಹೊರಗೆ.

"ನೋಡ್ರಿ," ಎಂದ.

"ನೋಡಿದ್ವಿ," ಎಂದ ಮಜೀದ. "ಜರಾ ಒಳಗ ನಡಿ."

ಹದಿನಾರನೆಯ ಸಾಲು. ಹೊರಗೆ. ಹದಿನೈದು. ಹೊರಗೆ. ಪ್ರತಿ ಸಾಲಿಗೂ ಸಂಗಣ್ಣ ತಲೆಯೆತ್ತಿ ಎಲ್ಲರ ಮುಖ ನೋಡುತ್ತಿದ್ದ. ಹತ್ತನೆಯ ಸಾಲಿಗೆ ಬಂದಾಗ ನೋಡುವುದನ್ನು ಬಿಟ್ಟ. ಅಲ್ಲಿ ಕೋಲು ಅರ್ಧ ಬೆರಳಷ್ಟೇ ಹೊರಗಿತ್ತು. ಐದನೆಯ ಸಾಲಿನಲ್ಲಿ ಜೋಳದ ಕಾಳಿನಷ್ಟು. ಮುಂದೆ ಅವನು ಬಗ್ಗಿಕೊಂಡೇ ನಡೆದ. ಗರ್ಭಗುಡಿಯ ಮೆಟ್ಟಿಲ ಬುಡದ ಮೊದಲ ಸಾಲಿನಲ್ಲಿ, ಅಪ್ಪ ಹರಕೆಯ ಮೊದಲ ದಿನ ತನ್ನ ಹೊಸ ಕೋಲಿನಿಂದ ಗೀರಿದ ಕಲ್ಲಿನ ಮೇಲೆ, ಶಹಾಬಾದದ ಬಡಗಿಯ ಕೋಲು ಅಂಚಿನಿಂದ ಅಂಚಿಗೆ ಕೂತಿತು. ಉಗುರು ಹಾಕಿ ನೋಡಿದ. ಉಗುರು ಹೋಗಲಿಲ್ಲ.

ಸಂಗಣ್ಣ ಕಣ್ಣುಮುಚ್ಚಿ ಕುಳಿತ. ತನ್ನ ಬಲಗೈ ಹೆಬ್ಬೆರಳನ್ನು ತೋರುಬೆರಳಿಂದ ಸವರಿದ. ಮಹಾನವಮಿಗೊಮ್ಮೆ ಗಾಜಿನ ಚೂರು ಒತ್ತಿ ಹಿಡಿದ ಗುರುತು ಅಲ್ಲಿತ್ತು. ಒಂದು ಸಲಕ್ಕೆ ಕೂದಲೆಳೆಯಷ್ಟು. ದೇವರ ಮುಂದೆ ಸಿಬಿರು ಇರಬಾರದೆಂದು. ಅಪ್ಪ ಕಳ್ಳನಲ್ಲ, ತಾನೂ ಕಳ್ಳನಲ್ಲ. ಕೋಲನ್ನು ತಿಂದದ್ದು ಭಕ್ತಿ. ಬೇರೆ ಯಾರಾದರೂ ತಿಂದಿದ್ದರೆ ಬಯ್ಯಲಾದರೂ ಬರುತ್ತಿತ್ತು.

ಹೊಸ್ತಿಲ ಮೇಲಿಂದ ಮಜೀದ ಕೇಳಿದ, ಮೆತ್ತಗೆ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವವನ ಹಾಗೆ:

"ಸಂಗಣ್ಣ, ನಿನಗ ಯಾವ ವರ್ಷದ ಕೋಲು ಬೇಕಪಾ?"

ಗೊಲ್ಲಾಳಪ್ಪ ಮುಂದೆ ಬಂದ. ಅವನಲ್ಲಿ ಕಪಟವಿರಲಿಲ್ಲ, ಎರಡು ತಿಂಗಳ ಭಾರ ಇಳಿಸಿಕೊಳ್ಳುವ ಆಸೆ ಅಷ್ಟೇ ಇತ್ತು. ತನ್ನ ಚೀಲ ಬಿಚ್ಚಿ ಒಂದು ಸಣ್ಣ ಗರಗಸ ತೆಗೆದ.

"ಅಣ್ಣಾ, ಹೋದ ವರ್ಷದ ಸಾಲಿಗಿ ಹಿಡಿದು ಒಂದು ಬೆರಳು ಕೊಯ್ದು ಕೊಡ್ಲೇನ್ರಿ? ಹ್ಯಾಂಗಿತ್ತೊ ಹಾಂಗೇ ಆಗ್ತದ. ನೀವು ಅಂದಂಗೇ."

ಜಗತ್ತಿನಲ್ಲಿ ಎಷ್ಟೋ ಜನ ಎಷ್ಟೋ ಜನರನ್ನು ಮಾತಿನಿಂದ ಹೊಡೆದಿದ್ದಾರೆ. ಇಷ್ಟು ವಿನಯದಿಂದ ಹೊಡೆದವರು ಕಡಿಮೆ. ಸಂಗಣ್ಣ ಗರಗಸವನ್ನು ನೋಡಿದ, ಗೊಲ್ಲಾಳಪ್ಪನ ಹೆಗಲನ್ನು ನೋಡಿದ. ಅಂಗಿಯ ಮೇಲೆ ಎರಡು ಚೀಲದ ಪಟ್ಟಿ ಸವೆದ ಗುರುತಿತ್ತು. ಆ ಚೀಲದಲ್ಲೊಂದು ತನ್ನದು.

ಕೋಲನ್ನು ಎತ್ತಿ ಹಣೆಗೆ ಮುಟ್ಟಿಸಿಕೊಂಡು ಹೇಳಿದ:

"ಬ್ಯಾಡ ತಮ್ಮಾ. ಕೈಗೆ ಬಂತು."

ಅಲ್ಲಿಗೆ ಎಲ್ಲರೂ ಉಸಿರುಬಿಟ್ಟು ಏಳುತ್ತಿದ್ದರು. ಆದರೆ ಮಾಣಿಕಪ್ಪ ಸೊಂಟದಿಂದ ಒಂದು ಹಳೆಯ ದಾರದ ಉಂಡೆ ತೆಗೆದ. ಯಾವ ಕೆಲಸವೂ ಇಲ್ಲದ ಮುದುಕ ಎಂಟು ವರ್ಷದಿಂದ ಅದನ್ನು ಸೊಂಟದಲ್ಲಿ ಯಾಕೆ ಇಟ್ಟುಕೊಂಡು ಕುಳಿತಿದ್ದ ಎಂಬುದನ್ನು ಅವನೇ ಹೇಳಬೇಕು, ಅವನು ಹೇಳಲಿಲ್ಲ. ಒಂದು ತುದಿಯನ್ನು ಗೊಲ್ಲಾಳಪ್ಪನ ಕೈಗೆ ಕೊಟ್ಟು ಎಡಗೋಡೆಗೆ ಹಿಡಿಸಿದ, ತಾನು ಬಲಗೋಡೆಗೆ ನಡೆದು ಮೊದಲ ಸಾಲಿನ ಮೇಲೆ ದಾರ ಬಿಗಿದು ಗಂಟು ಹಾಕಿದ. ಅದೇ ದಾರ, ಅದೇ ಗಂಟು, ಹದಿನೇಳನೆಯ ಸಾಲಿನ ಮೇಲೆ ಹಿಡಿದ. ಗಂಟು ಗೋಡೆಗೆ ಮುತ್ತಿಟ್ಟ ಹಾಗೆ ಕೂತಿತು. ಒಳಗೆ ಎಷ್ಟೋ ಬಾಗಿಲಲ್ಲೂ ಅಷ್ಟೇ. ಗೋಡೆ ನೆಟ್ಟಗೇ ಇತ್ತು, ಕಟ್ಟಿದ ದಿನದಿಂದ.

"ಅವಂದು ಕೈಗೆ ಬಂತು," ಎಂದ ಮಾಣಿಕಪ್ಪ, ದಾರ ಸುತ್ತಿಕೊಳ್ಳುತ್ತ. "ನಂದು?"

ಸಂಗಣ್ಣ ಎಂಟು ಸಾಲೂ ಕಿತ್ತು ಹೊಸ ಕಲ್ಲು ಹಾಸುತ್ತೇನೆ, ಬೇಕಿದ್ದರೆ ಅಪ್ಪನವನ್ನೂ ಕೀಳುತ್ತೇನೆ ಎಂದ. ಮಾಣಿಕಪ್ಪ ಒಪ್ಪಲಿಲ್ಲ. ಒಂದೂ ಕಲ್ಲು ಮುಟ್ಟಬೇಡ, ಅವು ನನ್ನ ಸಾಕ್ಷಿ ಎಂದ. ಹಾಗಾದರೆ ಏನು ಕೊಡಲಿ ಎಂದು ಸಂಗಣ್ಣ ಮಜೀದನ ಕಡೆ ನೋಡಿದ. ಮಜೀದ ಗಡ್ಡ ಸವರಿದ; ಈಚೆಗೆ ಸಂಗಣ್ಣನಿಗೆ ಆ ಗಡ್ಡ ಕಂಡರೆ ಭಯವಾಗುತ್ತಿತ್ತು.

"ಕಟ್ಟಳಿ ಬ್ಯಾರೆ ಇಲ್ಲಪಾ. ಉಳಿಗೆ ಉಳಿ. ಮಾತಿಗೆ ಮಾತು. ಎಂಟು ವರ್ಷ ಗ್ವಾಡಿ ಸೊಟ್ಟ ಅಂದಿ. ಎಂಟು ವರ್ಷ ನೆಟ್ಟಗದ ಅನ್ನು."

ಪ್ರತಿ ಸೋಮವಾರ, ತಲೆಬಾಗಿಲಲ್ಲಿ ನಿಂತು, ಬಂದವರಿಗೆಲ್ಲ. ಅಲ್ಲಿಯತನಕ ಮಾಣಿಕಪ್ಪನ ಚೀಲ ಹೊರುವುದೂ ಸಂಗಣ್ಣನ ಪಾಲಿಗೆ ಬಂತು. ಚೀಲದಲ್ಲಿ ದೋರಿ, ಒಂದು ಕರಣಿ ಮತ್ತು ಎಲೆ ಅಡಿಕೆ ಇರುತ್ತಿದ್ದವು. ಮಾಣಿಕಪ್ಪ ಅದನ್ನು ಹೊರಿಸಿಕೊಂಡು ಮನೆಯಿಂದ ಕಟ್ಟೆಗೆ, ಕಟ್ಟೆಯಿಂದ ಚಹಾದಂಗಡಿಗೆ, ಅಲ್ಲಿಂದ ಮತ್ತೆ ಕಟ್ಟೆಗೆ ನಿಧಾನವಾಗಿ ನಡೆಯುತ್ತಿದ್ದ. ದೂರ ಸಾಲದಿದ್ದರೆ ಸುತ್ತು ಹಾಕುತ್ತಿದ್ದ.

ಆ ವಾರ ಖಣಿಯಲ್ಲಿ ಇನ್ನೂ ಆರು ಕೋಲುಗಳು ಕಣ್ತಪ್ಪಿನಿಂದ ಕುಲುಮೆಗೆ ಬಿದ್ದು ಸುಟ್ಟವು. ಯಾರೂ ಯಾರನ್ನೂ ಬದಲು ಕೇಳಲಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಸರಕಾರ ಫೂಟು ತೆಗೆದು ಪೂರಾ ಮೀಟರಿಗೆ ಬರುತ್ತದಂತೆ, ಆಗ ನಮ್ಮ ಹಳೆಯ ಪಾಪ ಅಳೆಯಲಿಕ್ಕೆ ಮೇಲಿನವನ ಹತ್ತಿರವೂ ಕೋಲು ಇರುವುದಿಲ್ಲ ಎಂದು ಮಜೀದ ಎಲ್ಲರಿಗೂ ಧೈರ್ಯ ಹೇಳಿದ. ಅವನ ಕೋಲೂ ಆ ಆರರಲ್ಲಿ ಒಂದು.

ಮಹಾನವಮಿ ಬಂತು. ಸಂಗಣ್ಣ ಗೊಲ್ಲಾಳಪ್ಪ ಕೊಟ್ಟ ಕೋಲನ್ನು ತೊಳೆದ, ಎಣ್ಣೆ ಹಚ್ಚಿದ. ತುದಿ ಸ್ವಲ್ಪ ಸಿಬಿರೆದ್ದಿತ್ತು. ಕೈ ತಾನಾಗಿ ಗಾಜಿನ ಚೂರು ಇಡುವ ಗೋಡೆಗೂಡಿನ ಕಡೆ ಹೋಯಿತು. ಚೂರನ್ನು ಮಹಾದೇವಮ್ಮ ಎಂದೋ ತಿಪ್ಪೆಗೆ ಎಸೆದಿದ್ದಳು. ಸಿಬಿರಿನ ಸಮೇತ ಕೋಲನ್ನು ದೇವರ ಮುಂದೆ ಇಟ್ಟು, ಇದು ಹೀಗೇ ಇರಲಿ ತಂದೆ, ನೀನು ಸೈರಿಸು ಎಂದು ಕೈಮುಗಿದ. ಗೊಲ್ಲಾಳಪ್ಪನೂ ಕೈಹಾಕಿದ, ಹದಿನೆಂಟನೆಯ ಸಾಲಿನ ಹತ್ತು ಕಲ್ಲು ಗೋಡೆಯಿಂದ ಗೋಡೆಗೆ, ಗಚ್ಚಿನ ಹಂಗಿಲ್ಲದೆ ಕಚ್ಚಿ ಕೂತವು. ಶಿವರಾಯನ ಹರಕೆ ಮುಗಿಯಿತು.

ಮುಗಿದದ್ದರಿಂದ ಒಂದು ತೊಂದರೆಯಾಯಿತು. ಈಗ ಒಳಗೆ ಬಂದವರಿಗೆ ಮೊದಲು ಸಂದಿಲ್ಲದ ಸಾಲು ಕಾಣುತ್ತಿತ್ತು, ಅದರ ಹಿಂದೆಯೇ ಚೋಟು ಅಗಲದ ಸಂದು. ಇಷ್ಟು ದಿನ ಗೋಡೆ ಸೊಟ್ಟ ಮಾತ್ರ ಕಾಣುತ್ತಿತ್ತು, ಈಗ ಹೊಟ್ಟೆ ಬಿಟ್ಟ ಹಾಗೆ ಕಾಣತೊಡಗಿತು.

ಸಂಗಣ್ಣ ಸೋಮವಾರ ತಪ್ಪಿಸಲಿಲ್ಲ. ಬಂದವರಿಗೆಲ್ಲ ಹೇಳಿದ: ಗೋಡೆ ನೆಟ್ಟಗಿದೆ, ನನ್ನ ಕೋಲು ಗಿಡ್ಡವಿತ್ತು. ಊರವರು ನಂಬಲಿಲ್ಲ. ಎಂಟು ವರ್ಷ ಅವನೇ ತಿದ್ದಿದ ಕಣ್ಣು ಅವರದು. ಇಷ್ಟು ದೊಡ್ಡ ಮನುಷ್ಯ ಇನ್ನೊಬ್ಬನ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾನಲ್ಲ ಎಂದು ಕೆಲವರು ಅವನ ಕಾಲು ಮುಟ್ಟಿ ನಮಸ್ಕರಿಸಿದರು. ಸುಳ್ಳು ಹೇಳದ ಸಂಗಣ್ಣ ಎಂಬ ಹೆಸರು ಮೊದಲಿಗಿಂತ ಹೆಚ್ಚಾಯಿತು. ಅವನು ಎಷ್ಟು ನಿಜ ಹೇಳಿದನೋ ಅಷ್ಟು ಹೆಚ್ಚಾಯಿತು. ಕಟ್ಟೆಯ ಮೇಲಿನ ಮಾಣಿಕಪ್ಪ ಇದನ್ನೆಲ್ಲ ನೋಡುತ್ತ ಎಲೆ ಅಗಿಯುತ್ತಿದ್ದ.

ಮರುವರ್ಷದ ಶ್ರಾವಣದಲ್ಲಿ ಒಬ್ಬ ಹೊಸಬ ಬಂದ. ಚಿಂಚೋಳಿ ಕಡೆಯವನು, ಈ ಸೀಮೆಗೇ ಮೊದಲ ಸಲ. ಸೊಟ್ಟಗೋಡೆಯ ಮಾತನ್ನು ಹುಟ್ಟಿದಾಗಿನಿಂದ ಕೇಳಿದವನಲ್ಲ. ಸಂಗಣ್ಣನ ಎದೆ ಹಗುರವಾಯಿತು. ತನ್ನ ಹಳೆಯ ಮಾತು ಮುಟ್ಟದ ಕಿವಿ ಒಂದಾದರೂ ಸಿಕ್ಕಿತು. ಅವನು ಕೈಮುಗಿದು ಹೇಳಿದ:

"ನೋಡ್ರಿ, ಈ ಗ್ವಾಡಿ ನೆಟ್ಟಗದ."

ಹೊಸಬ ನಿಂತ. ಗೋಡೆ ನೋಡಿದ. ಒಂದು ಕಣ್ಣು ಮುಚ್ಚಿ ಇನ್ನೊಮ್ಮೆ ನೋಡಿದ.

"ನೀವು ಅಂದಿದ್ದಕ್ಕ ನೋಡಿದೆ ನೋಡ್ರಿ," ಎಂದ. "ಜರಾ ಸೊಟ್ಟ ಇದ್ದಂಗ ಕಾಣ್ತದಲ್ಲ?"

ಕಟ್ಟೆಯ ಮೇಲೆ ಮಾಣಿಕಪ್ಪನಿಗೆ ನಗು ಬಂತು. ಬಹಳ ವರ್ಷದ ಮೇಲೆ ಬಂದ ನಗು, ಕೆಮ್ಮಿನ ಜೊತೆ ಬಂತು.

"ಇನ್ನ ಆರೂವರಿ ವರ್ಷ ಅದಪಾ ಸಂಗಣ್ಣ," ಎಂದ. "ಅವಸರ ಮಾಡಬ್ಯಾಡ."

ಸಂಗಣ್ಣನಿಗೂ ಸಿಟ್ಟು ಬರಲಿಲ್ಲ. ಹೆಗಲ ಮೇಲಿನ ಚೀಲ ಇಳಿಸಿ, ದೋರಿಯ ಉಂಡೆ ತೆಗೆದು, ಒಂದು ತುದಿಯನ್ನು ಹೊಸಬನ ಕೈಗಿಟ್ಟು ಎಡಗೋಡೆ ತೋರಿಸಿದ.

"ಬಿಗಿ ಹಿಡೀರಿ," ಎಂದು ಹೇಳಿ, ದಾರ ಬಿಡುತ್ತ ಬಲಗೋಡೆಯ ಕಡೆಗೆ ನಡೆದ.